ಓದಿದವರಲ್ಲಿ ಒಂದು ಮೊರೆ

ನಿಮ್ಮ ಕಪಾಟಿನಲ್ಲಿ ಪತ್ರಕರ್ತ ಕುಲದೀಪ್ ನಯ್ಯರ್ ಅವರ ಒಂದಾದರೂ ಪುಸ್ತಕ ಇದ್ದೀತು. ‘ಬಿಟ್ವೀನ್ ದಿ ಲೈನ್ಸ್’ ಇರಬಹುದು, ತುರ್ತುಪರಿಸ್ಥಿತಿಯ ಒಳಗಿನ ಕಥೆ ಹೇಳುವ ‘ದಿ ಜಡ್ಜ್‌ಮೆಂಟ್’ ಇರಬಹುದು, ತೊಂಬತ್ತರ ಹೊಸ್ತಿಲಲ್ಲಿ ಅವರು ಬರೆದು ಮುಗಿಸಿದ ಆತ್ಮಕಥೆ ‘ಬಿಯಾಂಡ್ ದಿ ಲೈನ್ಸ್’ ಇರಬಹುದು. ಪುಸ್ತಕ ಇಲ್ಲದಿದ್ದರೆ ಅಂಕಣದ ನೆನಪಾದರೂ ಇದ್ದೇ ಇರುತ್ತದೆ. 14 ಭಾಷೆಗಳ 80ರಷ್ಟು ಪತ್ರಿಕೆಗಳಲ್ಲಿ, ದಶಕಗಳ ಕಾಲ, ಬಿಡದೆ ಬಂದ ಬರಹ ಅದು. ಕಾಫಿ ಲೋಟ ಪಕ್ಕಕ್ಕಿಟ್ಟು ಓದಿದ್ದೀರಿ, ಕತ್ತರಿಸಿ ಫೈಲಿಗೆ ಸೇರಿಸಿದ್ದೀರಿ, ಸಂಜೆ ಗೆಳೆಯರ ಜೊತೆ ಅದರ ಮೇಲೆ ವಾದ ಮಾಡಿದ್ದೀರಿ. ನೀವು ಓದಿದವರು. ಓದಿದವರಾದ್ದರಿಂದಲೇ ಈ ಮಾತನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅನ್ನಿಸಿದೆ. ಗೊತ್ತಿಲ್ಲದವರ ಹತ್ತಿರ ಹೇಳುವ ಮಾತು ಬೇರೆ, ಗೊತ್ತಿದ್ದೂ ಮುಖ ಆಚೆ ತಿರುಗಿಸಿ ಕೂತವರ ಹತ್ತಿರ, ಅವರ ಒಳ್ಳೆಯತನದ ಮೇಲೆ ನಂಬಿಕೆ ಇಟ್ಟು, ಕೈ ಹಿಡಿದು ಹೇಳುವ ಮಾತು ಬೇರೆ.

ಅವರ ಬದುಕಿನ ಹಾದಿ ನಿಮಗೆ ಹೊಸದಲ್ಲ. 1923ರ ಆಗಸ್ಟ್ 14ರಂದು ಸಿಯಾಲ್‌ಕೋಟ್‌ನಲ್ಲಿ ಹುಟ್ಟಿದ ವೈದ್ಯರ ಮಗ, ಲಾಹೋರಿನಲ್ಲಿ ಕಾನೂನು ಓದಿ ಊರಲ್ಲೇ ವಕೀಲಿ ಮಾಡಿಕೊಂಡು ಇರೋಣ ಅಂದುಕೊಂಡಿದ್ದ ಯುವಕ, 1947ರ ಸೆಪ್ಟೆಂಬರಿನಲ್ಲಿ ಎಲ್ಲ ಬಿಟ್ಟು ಗಡಿ ದಾಟಿ ದೆಹಲಿಗೆ ಬಂದ. ಎದುರಿನಿಂದ, ಅದೇ ಸಂಕಟ ಹೊತ್ತು, ಆ ಕಡೆಗೆ ಹೋಗುತ್ತಿದ್ದವರ ಮುಖಗಳನ್ನು ಕೊನೆಯವರೆಗೂ ಅವರು ಮರೆಯಲಿಲ್ಲ. ‘ಅಂಜಾಮ್’ ಎಂಬ ಉರ್ದು ಪತ್ರಿಕೆಯಲ್ಲಿ ಕೆಲಸ ಶುರುವಾಯಿತು. ಉರ್ದುವಿಗೆ ಇಲ್ಲಿ ಇನ್ನು ಭವಿಷ್ಯವಿಲ್ಲ, ಇಂಗ್ಲಿಷಿಗೆ ಹೋಗು ಎಂದು ಬುದ್ಧಿ ಹೇಳಿದವರು ಕವಿ ಹಸರತ್ ಮೊಹಾನಿ. ಅಮೆರಿಕದಲ್ಲಿ ಪತ್ರಿಕೋದ್ಯಮದ ಓದು, ಗೋವಿಂದ ವಲ್ಲಭ ಪಂತ್ ಮತ್ತು ಲಾಲ್ ಬಹಾದುರ್ ಶಾಸ್ತ್ರಿಯವರ ಬಳಿ ವಾರ್ತಾಧಿಕಾರಿ, ಯುಎನ್‌ಐ, ಸ್ಟೇಟ್ಸ್‌ಮನ್, ಇಂಡಿಯನ್ ಎಕ್ಸ್‌ಪ್ರೆಸ್. 1990ರಲ್ಲಿ ಲಂಡನ್ನಿಗೆ ಹೈಕಮಿಷನರ್, 1997ರಲ್ಲಿ ರಾಜ್ಯಸಭೆ. 2018ರ ಆಗಸ್ಟ್ 23ರಂದು, 95 ತುಂಬಿದ ಮೇಲೆ, ದೆಹಲಿಯಲ್ಲಿ ತೀರಿಕೊಂಡರು. ಮರುವರ್ಷ ಪದ್ಮಭೂಷಣ ಬಂತು.

ತಾಷ್ಕೆಂಟಿನ ಆ ರಾತ್ರಿಯ ಪುಟಗಳನ್ನು ನಾವೆಲ್ಲ ಉಸಿರು ಬಿಗಿಹಿಡಿದು ಓದಿದ್ದೇವೆ. 1966ರ ಜನವರಿ, ಬಾಗಿಲು ತಟ್ಟಿದ ಸದ್ದು, ನಿಮ್ಮ ಪ್ರಧಾನಿ ಸಾಯುತ್ತಿದ್ದಾರೆ ಎಂದ ಹೆಂಗಸಿನ ದನಿ, ಶಾಸ್ತ್ರಿಯವರ ಕೋಣೆಗೆ ಓಡಿದ ವರದಿಗಾರ. ಗಡಿರೇಖೆ ಎಳೆದ ರ‍್ಯಾಡ್‌ಕ್ಲಿಫ್ ಅವರನ್ನು ಲಂಡನ್ನಿನಲ್ಲಿ ಹುಡುಕಿ ಮಾತಾಡಿಸಿದ್ದು, 1977ರ ಜನವರಿಯಲ್ಲಿ ಚುನಾವಣೆ ಬರುತ್ತಿದೆ ಎಂಬ ಸುದ್ದಿಯನ್ನು ಸರ್ಕಾರ ಹೇಳುವ ಮೊದಲೇ ಒಡೆದದ್ದು, 1987ರಲ್ಲಿ ಇಸ್ಲಾಮಾಬಾದಿನಲ್ಲಿ ಪಾಕಿಸ್ತಾನದ ಅಣುವಿಜ್ಞಾನಿ ಎ.ಕ್ಯು. ಖಾನ್ ಬಾಯಿಂದ ಅಣುಬಾಂಬಿನ ಮಾತು ಹೊರಡಿಸಿದ್ದು, ಇವನ್ನೆಲ್ಲ ಇವತ್ತಿಗೂ ನಾವು ಚಪ್ಪರಿಸಿ ಹೇಳುತ್ತೇವೆ. ಹೇಳೋಣ, ತಪ್ಪಲ್ಲ. ಆದರೆ ದೊಡ್ಡವರ ಕೋಣೆಗಳ ಗುಟ್ಟು ತಿಳಿಯುವ ಆಸೆಗೆ ಮಾತ್ರ ನಾವು ಆ ಪುಸ್ತಕಗಳನ್ನು ಓದಿದೆವೇನೋ, ಆ ಮನುಷ್ಯ ನಮ್ಮ ಮುಂದೆ ತಂದು ನಿಲ್ಲಿಸಿದ ಇನ್ನೊಂದು ಬಗೆಯ ಜನರನ್ನು ನೋಡಿಯೂ ನೋಡದೆ ಪುಟ ಮಗುಚಿದೆವೇನೋ ಎಂಬುದು ನನ್ನ ಸಂಕಟ. ಪ್ರಧಾನಿಗಳು ಬಂದು ಹೋಗುವ ಆ ಪುಟಗಳ ಅಂಚಿನಲ್ಲಿ ಹೆಸರಿಲ್ಲದವರು ನಿಂತಿದ್ದಾರೆ. ದಯವಿಟ್ಟು ಇವತ್ತು ಅವರ ಕಡೆ ನೋಡಿ.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಎರಡು ಮೂರು ದಿನಗಳಲ್ಲೇ ದೆಹಲಿಯ ಪ್ರೆಸ್ ಕ್ಲಬ್ಬಿನಲ್ಲಿ ನಯ್ಯರ್ ಪತ್ರಕರ್ತರನ್ನು ಸೇರಿಸಿದರು. ನೂರರಷ್ಟು ಜನ ಬಂದರು, ಸೆನ್ಸಾರ್ ತೆಗೆಯಬೇಕು ಎಂಬ ನಿರ್ಣಯಕ್ಕೆ ಸಹಿ ಬಿತ್ತು. ಜುಲೈ ಮುಗಿಯುವಷ್ಟರಲ್ಲಿ ಮೀಸಾ ಕಾಯ್ದೆಯಡಿ ಅವರನ್ನು ಹಿಡಿದು ತಿಹಾರ್ ಜೈಲಿಗೆ ಹಾಕಿದರು. ಅವರ ಮಾವ, ಒಂದು ಕಾಲಕ್ಕೆ ಪಂಜಾಬಿನ ಮುಖ್ಯಮಂತ್ರಿಯಾಗಿದ್ದ ಭೀಮಸೇನ ಸಾಚಾರ್, ಎಂಬತ್ತು ದಾಟಿದ ವೃದ್ಧರು, ಅವರನ್ನೂ ಬಿಡಲಿಲ್ಲ. ಆ ಇಪ್ಪತ್ತೊಂದು ತಿಂಗಳಲ್ಲಿ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನ ಹೀಗೆ ಸೆರೆ ಸೇರಿದರು.

ತಿಹಾರಿನ ಒಳಗೆ ಅವರು ಕಂಡು ಬರೆದ ಒಂದು ಸಂಗತಿಯ ಬಳಿ ಸ್ವಲ್ಪ ಹೊತ್ತು ನಿಲ್ಲಿ. ರಾಜಕೀಯ ಕೈದಿಗಳು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರು. ಇವರೆಲ್ಲ ದೊಡ್ಡವರು, ಮಾಜಿ ಮಂತ್ರಿಗಳು, ಸಂಸದರು, ಸಂಪಾದಕರು. ಇವರ ಅಡುಗೆಗೆ, ನೀರು ಹೊರುವುದಕ್ಕೆ, ಕಸ ಗುಡಿಸುವುದಕ್ಕೆ ಕೈ ಸಾಲದಾಯಿತು. ಆಗ ಏನಾಗುತ್ತಿತ್ತು? ಜೈಲಿನಿಂದ ಠಾಣೆಗೆ ಒಂದು ಮಾತು ಹೋಗುತ್ತಿತ್ತು, ಪೊಲೀಸರು ಬೀದಿಯಲ್ಲಿ ಸಿಕ್ಕ ಬಡ ಹುಡುಗರನ್ನು ಹಿಡಿದು, ಏನೋ ಒಂದು ಕಲಮು ಹಾಕಿ, ಒಳಗೆ ತಂದು ಬಿಡುತ್ತಿದ್ದರು. ಅಷ್ಟೇ. ಚಾಕರಿಗೆ ಆಳು ಬೇಕಿತ್ತು, ಹುಡುಗ ಸಿಕ್ಕಿದ. ಅವನು ಯಾವ ಸರ್ಕಾರವನ್ನೂ ಬೈದವನಲ್ಲ, ಯಾವ ನಿರ್ಣಯಕ್ಕೂ ಸಹಿ ಹಾಕಿದವನಲ್ಲ, ಪ್ರಜಾಪ್ರಭುತ್ವ ಸತ್ತಿತೋ ಉಳಿಯಿತೋ ಎಂದು ಯಾರೂ ಅವನನ್ನು ಕೇಳಿದವರಿಲ್ಲ. ಸಂಜೆ ಮನೆಗೆ ಹೊರಟವನು ಮನೆ ಸೇರಲಿಲ್ಲ. ಅವನ ತಾಯಿ ಆ ರಾತ್ರಿ ಎಷ್ಟು ಸಲ ಬಾಗಿಲಿಗೆ ಬಂದು ನೋಡಿರಬಹುದು, ಯಾವ ಠಾಣೆಯ ಮೆಟ್ಟಿಲ ಹತ್ತಿರ ನಿಂತು ಯಾರ ಕಾಲು ಹಿಡಿದಿರಬಹುದು, ಅದನ್ನು ಯಾವ ಪುಸ್ತಕವೂ ಬರೆದಿಟ್ಟಿಲ್ಲ.

ನಯ್ಯರ್ ಅದನ್ನು ಕಂಡರು, ಕಂಡದ್ದನ್ನು ಬರೆದರು. ತಾನೇ ಸೆರೆಯಲ್ಲಿರುವಾಗ, ತನ್ನ ಹೆಂಡತಿ ಮಕ್ಕಳ ಚಿಂತೆಯೇ ಎದೆ ತುಂಬಿರುವಾಗ, ತನಗೆ ನೀರು ತಂದುಕೊಡುವ ಹುಡುಗನ ಕಡೆ ಕಣ್ಣೆತ್ತಿ, ನೀನು ಇಲ್ಲಿಗೆ ಹೇಗೆ ಬಂದೆಯಪ್ಪ ಎಂದು ತಿಳಿಯಬೇಕೆಂಬ ಕಳಕಳಿ ಎಲ್ಲರಿಗೂ ಬರುವುದಿಲ್ಲ. ನನ್ನ ಮಟ್ಟಿಗೆ ಅವರ ಅಷ್ಟೂ ಬರಹಗಳಲ್ಲಿ ತಾಷ್ಕೆಂಟಿಗಿಂತ, ಇಸ್ಲಾಮಾಬಾದಿಗಿಂತ, ಈ ಕೆಲವು ಸಾಲು ದೊಡ್ಡವು. ನಾಯಕರಿಗೆ ಅವರವರ ಪಕ್ಷ ಇತ್ತು, 1977ರಲ್ಲಿ ಹೊರಗೆ ಬಂದಾಗ ಹಾರ ಹಾಕಲು ಜನ ಇದ್ದರು, ಆಮೇಲೆ ಕೆಲವರಿಗೆ ಮಂತ್ರಿಗಿರಿಯೂ ಸಿಕ್ಕಿತು. ಆ ಹುಡುಗನಿಗೆ ಹಾರ ಯಾರು ಹಾಕಿದರು? ಅವನ ಹೆಸರೇನು? ನೀವು ಓದಿದವರು, ತುರ್ತುಪರಿಸ್ಥಿತಿಯ ಚರಿತ್ರೆ ನಿಮ್ಮ ನಾಲಿಗೆಯ ತುದಿಯಲ್ಲಿದೆ, ಆ ಹುಡುಗ ನಿಮ್ಮ ಚರಿತ್ರೆಯಲ್ಲಿ ಎಲ್ಲಿದ್ದಾನೆ?

ನಯ್ಯರ್ ಅವರ ಪತ್ನಿ ಭಾರತಿ ದೆಹಲಿ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ರಂಗರಾಜನ್ ಮತ್ತು ನ್ಯಾಯಮೂರ್ತಿ ಅಗರ್ವಾಲ್ ಅರ್ಜಿಯನ್ನು ಕೇಳಿದರು. ತೀರ್ಪು ತನ್ನ ವಿರುದ್ಧ ಬರುತ್ತದೆ ಎಂದು ಗೊತ್ತಾದ ಸರ್ಕಾರ ಸೆಪ್ಟೆಂಬರಿನಲ್ಲಿ ಅವರನ್ನು ತಾನೇ ಬಿಟ್ಟುಬಿಟ್ಟಿತು. ಆದರೂ ಇಬ್ಬರೂ ನ್ಯಾಯಮೂರ್ತಿಗಳು ಹೇಳಬೇಕಾದ್ದನ್ನು ಹೇಳಿಯೇ ಎದ್ದರು. ಹೇಳಿದ್ದಕ್ಕೆ ರಂಗರಾಜನ್ ಅವರನ್ನು ಗುವಾಹಟಿಗೆ ವರ್ಗ ಮಾಡಿದರು, ಅಗರ್ವಾಲ್ ಅವರನ್ನು ಹೈಕೋರ್ಟಿನಿಂದ ಇಳಿಸಿ ಮತ್ತೆ ಸೆಷನ್ಸ್ ನ್ಯಾಯಾಲಯಕ್ಕೆ ಕಳಿಸಿದರು. ಹೊರಗೆ ಬಂದ ನಯ್ಯರ್ ಜೊತೆಗಾರರನ್ನು ಮತ್ತೆ ಸೇರಿಸಲು ನೋಡಿದಾಗ, ಅಂದು ಸಹಿ ಹಾಕಿದ್ದವರಲ್ಲಿ ಮುಂದೆ ಬಂದವರು ತೀರ ಕಡಿಮೆ. ಅವರು ಕೆಟ್ಟವರಾಗಿರಲಿಲ್ಲ. ಮನೆ, ಸಂಬಳ, ಮಕ್ಕಳ ಶಾಲೆಯ ಫೀಸು ಎಲ್ಲರಿಗೂ ಇದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ತುರ್ತುಪರಿಸ್ಥಿತಿಯಲ್ಲಿ ಸೆರೆಯಾದವನು ನನ್ನನ್ನು ಏಕೆ ಹಿಡಿದಿರಿ ಎಂದು ನ್ಯಾಯಾಲಯವನ್ನು ಕೇಳುವಂತಿಲ್ಲ ಎಂದಾಗ ಒಪ್ಪುವುದಿಲ್ಲ ಎಂದ ದನಿ ಒಂದೇ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರದು. ಆ ಒಂದು ದನಿಗೆ ಅವರು ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಕಳೆದುಕೊಂಡರು.

ಇದೆಲ್ಲ ದೆಹಲಿಯ ಕಥೆ, ನಮಗೇನು ಎಂದು ನೀವು ಅನ್ನಲಾರಿರಿ, ಏಕೆಂದರೆ ಬೆಂಗಳೂರಿನ ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲು ನಿಮಗೆ ಗೊತ್ತು. ಸಂಸದೀಯ ಸಮಿತಿಯ ಸಭೆಗೆಂದು ಊರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಇಟ್ಟಿದ್ದು ಅಲ್ಲಿ. ಅದು ನಮಗೆ ನೆನಪಿದೆ, ಭಾಷಣಗಳಲ್ಲಿ ಬರುತ್ತದೆ. ಅದೇ ಗೋಡೆಗಳ ಒಳಗೆ ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಆಸ್ತಮಾದಿಂದ ಉಸಿರು ಕಟ್ಟುತ್ತಿದ್ದರೂ ತಿಂಗಳುಗಟ್ಟಲೆ ಬಿದ್ದಿದ್ದರು. ತನ್ನ ಜೊತೆಯ ಹೆಣ್ಣು ಕೈದಿಗಳನ್ನು ಹೊಡೆಯಬೇಡಿ ಎಂದು ಜಗಳವಾಡಿದರು, ದಿನಚರಿ ಬರೆದರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಂದು ವಾರ ತುಂಬುವುದರೊಳಗೆ ಕಣ್ಣು ಮುಚ್ಚಿದರು. ಅವರ ನೆನಪನ್ನು ನಾವು ಎಷ್ಟು ಇಟ್ಟುಕೊಂಡಿದ್ದೇವೆ? ಅವರು ಯಾರಿಗಾಗಿ ಜಗಳವಾಡಿದರೋ ಆ ಹೆಣ್ಣುಮಕ್ಕಳ ನೆನಪನ್ನು? ಆ ಜೈಲು ಈಗ ಫ್ರೀಡಂ ಪಾರ್ಕ್. ಊರಿನಲ್ಲಿ ಎಲ್ಲೇ ನೋವಾಗಲಿ, ಬೆಂಗಳೂರಿನಲ್ಲಿ ಧರಣಿ ಕೂರುವುದಾದರೆ ಅಲ್ಲಿ ಮಾತ್ರ ಕೂರಬೇಕು ಎಂಬ ನಿಯಮ ಬಂದಿದೆ. ಅಂಗನವಾಡಿಯ ಕಾರ್ಯಕರ್ತೆಯರು, ಪೌರಕಾರ್ಮಿಕರು, ರೈತರು ಶಾಮಿಯಾನದ ಕೆಳಗೆ ಚಾಪೆ ಹಾಸಿ ಕೂತಿರುತ್ತಾರೆ. ನೀವು ಬಸ್ಸಿನ ಕಿಟಕಿಯಿಂದ ನೋಡುತ್ತೀರಿ, ಪಾಪ ಎನ್ನುತ್ತೀರಿ. ಸಿಗ್ನಲ್ ಬಿಡುತ್ತದೆ.

ಇನ್ನೊಂದು ಸಂಗತಿ ಹೇಳಬೇಕು. ಇದು ಅವರ ಜನಪ್ರಿಯ ಕಥೆಗಳ ಸಾಲಿನಲ್ಲಿ ಬರುವುದೇ ಇಲ್ಲ, ಕಾನೂನು ಓದಿದವರಿಗೆ ಮಾತ್ರ ಗೊತ್ತು. ತೊಂಬತ್ತರ ದಶಕದಲ್ಲಿ ನಯ್ಯರ್ ‘ಸಿಟಿಜನ್ಸ್ ಫಾರ್ ಡೆಮಾಕ್ರಸಿ’ ಸಂಘಟನೆಯ ಅಧ್ಯಕ್ಷರಾಗಿದ್ದರು. ಅಸ್ಸಾಮಿನಲ್ಲಿ ಒಂದು ಆಸ್ಪತ್ರೆ. ಟಾಡಾ ಕಾಯ್ದೆಯಡಿ ಹಿಡಿದಿದ್ದ ಏಳು ಜನ ಅಲ್ಲಿ ರೋಗಿಗಳಾಗಿದ್ದರು. ಕೈಗೆ ಕೋಳ. ಕೋಳ ಸಾಲದು ಎಂದು ಅಲುಗಾಡದಂತೆ ಉದ್ದನೆಯ ಹಗ್ಗ. ಹೊರಗೆ ಕಾವಲು ಬೇರೆ. ಜ್ವರ ಬಂದವನು ಮಗ್ಗುಲು ಬದಲಿಸಬೇಕಾದರೂ ಹಗ್ಗ ಎಷ್ಟು ಬಿಡುತ್ತದೋ ಅಷ್ಟೇ. ಅವರು ಮಾಡಿದ್ದು ಏನು, ತಪ್ಪಿತಸ್ಥರೋ ಅಲ್ಲವೋ, ಆ ಪ್ರಶ್ನೆ ನ್ಯಾಯಾಲಯದ್ದು; ಹಾಸಿಗೆಯಲ್ಲಿ ಮಲಗಿದ ರೋಗಿಯನ್ನು ದನದಂತೆ ಕಟ್ಟುವುದು ಯಾರ ಕಾನೂನು? ಆ ವಾರ್ಡಿಗೆ ದಿನವೂ ಎಷ್ಟು ಜನ ಬಂದುಹೋಗಿರಬೇಕು, ವೈದ್ಯರು, ದಾದಿಯರು, ಪಕ್ಕದ ಹಾಸಿಗೆಯವರನ್ನು ನೋಡಲು ಊಟದ ಡಬ್ಬಿ ಹಿಡಿದು ಬಂದ ನೆಂಟರು. ಎಲ್ಲರೂ ಆ ಹಗ್ಗವನ್ನು ನೋಡಿದ್ದಾರೆ. ಎಲ್ಲರಿಗೂ ಒಳಗೊಳಗೆ ಕಸಿವಿಸಿಯೂ ಆಗಿದ್ದೀತು.

ನಯ್ಯರ್ ಒಂದು ಪತ್ರ ಬರೆದರು. ಸುಪ್ರೀಂ ಕೋರ್ಟಿಗೆ ಬರೆದ ಆ ಪತ್ರವನ್ನೇ ನ್ಯಾಯಾಲಯ ಅರ್ಜಿಯೆಂದು ತೆಗೆದುಕೊಂಡಿತು. ಆಸ್ಪತ್ರೆಯ ರೋಗಿಗೆ ಹೀಗೆ ಕೋಳ, ಹಗ್ಗ ಬಿಗಿಯುವುದು ಅಮಾನುಷ, ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಯಾವ ಕೈದಿಗೂ, ಜೈಲಿನಲ್ಲಾಗಲಿ, ಕೋರ್ಟಿಗೆ ಕರೆದೊಯ್ಯುವ ದಾರಿಯಲ್ಲಾಗಲಿ, ಕೋಳ ಹಾಕಕೂಡದು ಎಂದು 1995ರಲ್ಲಿ ತೀರ್ಪು ಬಂತು. ಅಲ್ಲಿಂದ ಮುಂದೆ ಈ ದೇಶದ ಯಾವ ಮೂಲೆಯ ಬಡ ಕೈದಿಯ ಪರವಾಗಿಯೂ ವಕೀಲನೊಬ್ಬ ಎತ್ತಿ ತೋರಿಸಬಹುದಾದ ತೀರ್ಪು ಅದು. ಎಪ್ಪತ್ತು ದಾಟಿದ ಒಬ್ಬ ಪತ್ರಕರ್ತನ ಒಂದು ಕಾಗದದಿಂದ ಆದ ಕೆಲಸ. ನೀವು ಓದಿದವರು, ಬರೆಯಲೂ ಬಲ್ಲಿರಿ. ನಿಮ್ಮ ಮೇಜಿನ ಮೇಲೂ ಕಾಗದ ಇದೆ.

ಅವರ ಎಲ್ಲ ಅಭಿಪ್ರಾಯಗಳನ್ನು ನಾನು ಒಪ್ಪಿದವನಲ್ಲ, ನೀವೂ ಒಪ್ಪಬೇಕಾಗಿಲ್ಲ. ಪಾಕಿಸ್ತಾನದ ಬಗ್ಗೆ ಅವರಿಗಿದ್ದ ಆಸೆ ಅತಿಯಾಯಿತು ಎಂದು ಹೇಳುವವರಿದ್ದಾರೆ, ಅದರಲ್ಲಿ ಹುರುಳಿರಲೂಬಹುದು. ಆದರೂ ಆಗಸ್ಟ್ 14ರ ನಡುರಾತ್ರಿ ಅಟ್ಟಾರಿಯ ಗಡಿಗೆ ಹೋಗಿ ಮೇಣದಬತ್ತಿ ಹಚ್ಚಿ ನಿಲ್ಲುತ್ತಿದ್ದ ಆ ಮುದುಕನ ಜೊತೆ ಮೊದಮೊದಲು ಬೆರಳೆಣಿಕೆಯ ಜನರಷ್ಟೇ ಇದ್ದರು ಎಂಬುದನ್ನು, ಜನ ನಕ್ಕರೂ ಬೈದರೂ ಅವರು ಮರುವರ್ಷ ಮತ್ತೆ ಹೋದರು ಎಂಬುದನ್ನು ಮರೆಯಬೇಡಿ. ರಾಜ್ಯಸಭೆಗೆ ನಿಲ್ಲುವವರು ಆಯಾ ರಾಜ್ಯದ ನಿವಾಸಿಗಳೇ ಆಗಿರಬೇಕು, ಮತದಾನ ಗುಟ್ಟಾಗಿರಬೇಕು ಎಂದು ಸುಪ್ರೀಂ ಕೋರ್ಟಿಗೆ ಹೋಗಿ 2006ರಲ್ಲಿ ಸೋತರು. ಸೋತ ಮೇಲೂ ಅಂಕಣ ನಿಲ್ಲಲಿಲ್ಲ. ಸಾಯುವ ವರ್ಷದವರೆಗೂ ಬರೆದರು.

ಈಗ ನಮ್ಮ ಕಾಲಕ್ಕೆ ಬನ್ನಿ. 2019ರ ಆಗಸ್ಟ್. ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಒಂದು ಸರ್ಕಾರಿ ಶಾಲೆ. ಮಧ್ಯಾಹ್ನದ ಬಿಸಿಯೂಟದ ಹೊತ್ತು, ಮಕ್ಕಳು ನೆಲದ ಮೇಲೆ ಸಾಲಾಗಿ ಕೂತಿದ್ದಾರೆ, ತಟ್ಟೆಯಲ್ಲಿ ರೊಟ್ಟಿ ಇದೆ. ರೊಟ್ಟಿಯ ಪಕ್ಕದಲ್ಲಿ ಉಪ್ಪು. ಬೇಳೆ ಇಲ್ಲ, ಪಲ್ಯ ಇಲ್ಲ. ಮಗು ರೊಟ್ಟಿ ಮುರಿದು ಉಪ್ಪಿಗೆ ಅದ್ದಿ ಬಾಯಿಗೆ ಇಟ್ಟುಕೊಳ್ಳುತ್ತದೆ. ಆ ದೃಶ್ಯವನ್ನು ವಿಡಿಯೊ ಮಾಡಿ ಲೋಕಕ್ಕೆ ತೋರಿಸಿದವರು ಪವನ್ ಜೈಸ್ವಾಲ್ ಎಂಬ ಸ್ಥಳೀಯ ವರದಿಗಾರ. ಜಿಲ್ಲೆಯ ಆಡಳಿತ ಅವರ ಮೇಲೇ ಮೊಕದ್ದಮೆ ಹೂಡಿತು, ಸಂಚು ಎಂದಿತು. ದೇಶದ ತುಂಬ ಪತ್ರಕರ್ತರು ಎದ್ದು ಕೇಳಿದ್ದಕ್ಕೆ, ಪ್ರೆಸ್ ಕೌನ್ಸಿಲ್ ಕೇಳಿದ್ದಕ್ಕೆ, ಕೆಲವು ತಿಂಗಳ ಬಳಿಕ ಪೊಲೀಸರು ಅವರ ಹೆಸರನ್ನು ಕೈಬಿಟ್ಟರು. 2022ರಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಆ ಮಕ್ಕಳಿಗೆ ತಮ್ಮ ತಟ್ಟೆಯಲ್ಲಿ ಏನಿರಬೇಕಿತ್ತು ಎಂಬ ಸರ್ಕಾರಿ ಆದೇಶ ಓದಲು ಬಾರದು. ಅವರ ತಾಯಂದಿರು ಕೂಲಿಗೆ ಹೋದವರು, ಮಧ್ಯಾಹ್ನ ಶಾಲೆಗೆ ಬಂದು ನೋಡಲಾರರು. ಆ ತಟ್ಟೆಗೆ ಇದ್ದ ಒಂದೇ ಬಾಯಿ ಆ ವರದಿಗಾರ. ಮೊಕದ್ದಮೆ ಬಿದ್ದದ್ದನ್ನು ಪಕ್ಕದ ತಾಲ್ಲೂಕಿನ ಇನ್ನೊಬ್ಬ ವರದಿಗಾರ ನೋಡಿದ್ದಾನೆ, ಅವನ ಹೆಂಡತಿ ನೋಡಿದ್ದಾಳೆ, ನಿಮಗೇಕೆ ಈ ಉಸಾಬರಿ ಎಂದು ಅವಳು ರಾತ್ರಿ ಕಣ್ಣೀರು ಹಾಕಿದ್ದಾಳೆ. ಮುಂದಿನ ಶಾಲೆಯ ತಟ್ಟೆಯಲ್ಲಿ ಏನಿದೆ ಎಂದು ನಮಗೆ ಈಗ ಯಾರು ಹೇಳುತ್ತಾರೆ?

ಹಾಥರಸದಲ್ಲಿ ದಲಿತ ಹೆಣ್ಣುಮಗಳೊಬ್ಬಳ ಸಾವಿನ ವರದಿ ಮಾಡಲು 2020ರ ಅಕ್ಟೋಬರಿನಲ್ಲಿ ಹೊರಟ ಕೇರಳದ ಪತ್ರಕರ್ತ ಸಿದ್ದಿಕ್ ಕಪ್ಪನ್ ದಾರಿಯಲ್ಲೇ ಸೆರೆಯಾದರು, ಹೊರಗೆ ಬಂದದ್ದು 2023ರ ಫೆಬ್ರುವರಿಯಲ್ಲಿ. ಛತ್ತೀಸಗಢದ ಬಿಜಾಪುರದಲ್ಲಿ ರಸ್ತೆ ಕಾಮಗಾರಿಯ ಕಳಪೆಯನ್ನು ಬಯಲಿಗೆಳೆದ ಯುವ ಪತ್ರಕರ್ತ ಮುಕೇಶ್ ಚಂದ್ರಾಕರ್ ಅವರ ದೇಹ 2025ರ ಜನವರಿಯಲ್ಲಿ ಸೆಪ್ಟಿಕ್ ಟ್ಯಾಂಕಿನಲ್ಲಿ ಸಿಕ್ಕಿತು. ನಮ್ಮದೇ ಊರಿನಲ್ಲಿ, 2017ರ ಸೆಪ್ಟೆಂಬರ್ 5ರ ರಾತ್ರಿ, ತನ್ನ ಮನೆಯ ಬಾಗಿಲಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಗುಂಡೇಟಿಗೆ ಬಿದ್ದರು. ಅಂದು ನೀವು ಬೀದಿಗೆ ಬಂದಿರಿ, ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿರಿ, ಎಷ್ಟೋ ಜನ ಅತ್ತಿರಿ. ಅದು ನಾಟಕವಾಗಿರಲಿಲ್ಲ ಎಂದು ನನಗೆ ಗೊತ್ತು. ಆಮೇಲೆ ದಿನಗಳು ಉರುಳಿದವು, ಮೊಕದ್ದಮೆ ನಡೆಯುತ್ತ ಹೋಯಿತು, ಒಬ್ಬೊಬ್ಬರಾಗಿ ಆರೋಪಿಗಳಿಗೆ ಜಾಮೀನಾಗುತ್ತ ಬಂತು, ನಾವು ಸುದ್ದಿಯ ತಲೆಬರಹ ನೋಡಿ ಮುಂದಿನದಕ್ಕೆ ಬೆರಳು ಸರಿಸಿದೆವು.

ನಿಮ್ಮನ್ನು ದೂರಲು ಇದನ್ನು ಬರೆಯುತ್ತಿಲ್ಲ. ನಿಮ್ಮ ದಣಿವು ನನಗೆ ಗೊತ್ತು. ಸಾಲದ ಕಂತು, ಮಗಳ ಸೀಟು, ಅಪ್ಪನ ಔಷಧಿ; ಇಷ್ಟರ ನಡುವೆ ಬೆಳಗಾದರೆ ಮೊಬೈಲಿನಲ್ಲಿ ನೂರು ನೋವು ಬಂದು ಬೀಳುತ್ತವೆ, ಯಾವುದಕ್ಕೆಂದು ಮರುಗುವುದು? ಮಾತಾಡಿದರೆ ಆಫೀಸಿನಲ್ಲಿ ಮುಖ ಕಪ್ಪಾಗುತ್ತದೆ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಪ್ಪ ಮುನಿಸಿಕೊಳ್ಳುತ್ತಾರೆ, ಯಾವ ಪಕ್ಷದವನು ಇವನು ಎಂದು ಮೊದಲು ಕೇಳುತ್ತಾರೆ. ನಯ್ಯರ್ ಬರಹವನ್ನು ಮೆಚ್ಚುವುದು ಸುರಕ್ಷಿತ, ಅದು ಹಳೆಯ ತುರ್ತುಪರಿಸ್ಥಿತಿ, ಹಳೆಯ ಸರ್ಕಾರ. ಹಾಗಾಗಿ ಜೂನ್ 25 ಬಂದಾಗ ಆ ಪುಸ್ತಕಗಳನ್ನು, ಆಯುಧಪೂಜೆಯ ದಿನ ಮಾತ್ರ ಹೊರತೆಗೆದು ಕುಂಕುಮ ಹಚ್ಚಿ ಮತ್ತೆ ಅಟ್ಟಕ್ಕೆ ಸೇರಿಸುವ ಕತ್ತಿಯ ಹಾಗೆ, ನಾವು ತೆಗೆದು ತೋರಿಸಿ ಒಳಗೆ ಇಡುತ್ತಿದ್ದೇವೆ. ಒಂದು ಪಕ್ಷದವರು ಇನ್ನೊಂದು ಪಕ್ಷವನ್ನು ಚುಚ್ಚಲು ಆ ದಿನವನ್ನು ಬಳಸಿಕೊಳ್ಳುತ್ತಾರೆ, ನಾವು ನಮ್ಮ ನಮ್ಮ ಪಕ್ಷ ನೋಡಿಕೊಂಡು ಚಪ್ಪಾಳೆ ತಟ್ಟುತ್ತೇವೆ. ಅಂದು ತಿಹಾರಿಗೆ ಎಳೆತಂದ ಹುಡುಗ ಯಾವ ಪಕ್ಷದವನು? ರೊಟ್ಟಿಗೆ ಉಪ್ಪು ಹಚ್ಚಿಕೊಂಡ ಮಗು ಯಾವ ಪಕ್ಷದ್ದು?

ನೀವು ಓದಿದವರು. ಈ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು ಎಂಬುದನ್ನು ನೀವು ಓದಿದ್ದೀರಿ. ಜಾಮೀನಾದರೂ ಶ್ಯೂರಿಟಿ ಕೊಡುವ ನೆಂಟನಿಲ್ಲದೆ ಒಳಗೇ ಉಳಿದವರು ಅವರಲ್ಲಿ ಎಷ್ಟೋ ಜನ. ಸೆರೆಯಲ್ಲಿರುವ ಪ್ರತಿಯೊಬ್ಬನಿಗೂ ಉಚಿತ ವಕೀಲರನ್ನು ಕೊಡಬೇಕು ಎಂದು 1987ರ ಕಾನೂನು ಸೇವೆಗಳ ಕಾಯ್ದೆ ಹೇಳುತ್ತದೆ, ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಆ ಪ್ರಾಧಿಕಾರದ ಕಚೇರಿ ಇದೆ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ, ಮರಣದಂಡನೆ, ಜೀವಾವಧಿಯಂಥ ಪ್ರಕರಣಗಳನ್ನು ಬಿಟ್ಟು, ಬಾಂಡಿನ ಮೇಲೆ ಬಿಡಬೇಕು ಎಂದು ಈಗಿನ ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದೆ. ಕಾನೂನು ಇದೆ. ಇದು ಗೊತ್ತಿಲ್ಲದವನು ಒಳಗಿದ್ದಾನೆ, ಗೊತ್ತಿರುವ ನಾವು ಹೊರಗಿದ್ದೇವೆ.

ನಿಮ್ಮನ್ನು ಜೈಲಿಗೆ ಹೋಗಿ ಎಂದು ಕೇಳುತ್ತಿಲ್ಲ, ಕೆಲಸ ಬಿಡಿ ಎಂದೂ ಅಲ್ಲ. ನಿಮ್ಮ ತಾಲ್ಲೂಕಿನ ವರದಿಗಾರನನ್ನು ಗುರುತಿಟ್ಟುಕೊಳ್ಳಿ. ಹಳೆಯ ಬೈಕಿನಲ್ಲಿ ಕೆರೆ ಒತ್ತುವರಿಯ ಫೋಟೊ ತೆಗೆಯಲು ಹೋಗುವವನು ಅವನು, ಅರೆಕಾಲಿಕ ಎಂಬ ಹೆಸರಿನಲ್ಲಿ ಹಗಲೂ ರಾತ್ರಿ ದುಡಿಯುವವನು, ಸಂಬಳದ ಚೀಟಿ ಇಲ್ಲದವನು, ಮರಳು ಲಾರಿಯ ಸುದ್ದಿ ಬರೆದ ರಾತ್ರಿ ಫೋನ್ ಎತ್ತಲು ಅಂಜುವವನು. ಅವನ ವರದಿ ಚೆನ್ನಾಗಿದ್ದ ದಿನ ಒಂದು ಕರೆ ಮಾಡಿ ಹೇಳಿ. ಅವನ ಪತ್ರಿಕೆಗೆ ದುಡ್ಡು ಕೊಟ್ಟು ಚಂದಾದಾರರಾಗಿ. ಅವನ ಮೇಲೆ ಮೊಕದ್ದಮೆ ಬಿದ್ದಾಗ, ಸಂಪಾದಕರು ತಮಗೆ ಸಂಬಂಧವಿಲ್ಲ ಎಂದಾಗ, ನಿಮಗೆ ಸಂಬಂಧ ಇದೆ ಎಂದು ಸಂಪಾದಕರಿಗೆ ಬರೆಯಿರಿ, ಜಿಲ್ಲಾಧಿಕಾರಿಗೆ ಬರೆಯಿರಿ, ಪ್ರೆಸ್ ಕೌನ್ಸಿಲ್‌ಗೆ ಬರೆಯಿರಿ. ನೀವು ಮಾತೃಭಾಷೆಯಲ್ಲಿ ಬರೆದ ಒಂದು ಪುಟ ಸಾಕು, ಕೆಳಗೆ ನಿಮ್ಮ ಪೂರ್ತಿ ಹೆಸರು, ವಿಳಾಸ ಇರಲಿ. ಆಸ್ಪತ್ರೆಯ ವಾರ್ಡಿನಲ್ಲಿ ಕೈದಿಯೊಬ್ಬನನ್ನು ಮಂಚಕ್ಕೆ ಬಿಗಿದದ್ದು ಕಂಡರೆ ಪಾಪ ಎಂದು ಮುಂದೆ ಹೋಗಬೇಡಿ, ಹೆಸರು ಕೇಳಿ, ಬರೆದುಕೊಳ್ಳಿ, ಕಾನೂನು ಸೇವಾ ಪ್ರಾಧಿಕಾರಕ್ಕೆ ಅಂದೇ ತಿಳಿಸಿ. ಮಕ್ಕಳ ಶಾಲೆಗೆ ಎಂದಾದರೂ ಬಿಸಿಯೂಟದ ಹೊತ್ತಿಗೆ ಹೋಗಿ, ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ. ವಿಚಾರಣಾಧೀನ ಕೈದಿಗಳ ಪರವಾಗಿ ನಿಮ್ಮ ಊರಿನಲ್ಲಿ ದುಡಿಯುತ್ತಿರುವ ವಕೀಲರಿದ್ದಾರೆಯೇ ಎಂದು ವಿಚಾರಿಸಿ, ಅವರ ಕಾಗದಪತ್ರ ಟೈಪ್ ಮಾಡಿಕೊಡಲು, ಆಸ್ತಿ ಪಹಣಿ ಇರುವವರಾದರೆ ಒಬ್ಬ ಬಡವನಿಗೆ ಶ್ಯೂರಿಟಿ ನಿಲ್ಲಲು, ನಿಮ್ಮಿಂದ ಆಗುತ್ತದೆ.

ನಿಮ್ಮ ಮನೆಯಲ್ಲಿ ಓದುವ ಮಗನಿಗೋ ಮಗಳಿಗೋ ನಯ್ಯರ್ ಪುಸ್ತಕ ಕೊಡುವಾಗ ತಾಷ್ಕೆಂಟಿನ ರಾತ್ರಿಯ ಜೊತೆಗೆ ಅಸ್ಸಾಮಿನ ಆಸ್ಪತ್ರೆಯ ಕಥೆಯನ್ನೂ ಹೇಳಿ, ಆ ತೀರ್ಪನ್ನು ಓದಿಸಿ. ಈ ತಿಂಗಳು ನಿಮ್ಮ ಜಿಲ್ಲೆಯಲ್ಲಿ ಯಾವುದಾದರೂ ವರದಿಗಾರನ ಮೇಲಿನ ಮೊಕದ್ದಮೆ ನ್ಯಾಯಾಲಯದ ಮುಂದೆ ಬರುತ್ತಿದೆಯೇ ಎಂದು ಪತ್ರಕರ್ತರ ಸಂಘದಲ್ಲಿ ಕೇಳಿ ತಿಳಿದುಕೊಳ್ಳಿ. ಬರುತ್ತಿದ್ದರೆ ಅರ್ಧ ದಿನ ರಜೆ ಹಾಕಿ ಹೋಗಿ, ಇನ್ನೊಬ್ಬರನ್ನೂ ಕರೆದುಕೊಂಡು ಹೋಗಿ, ಅವನ ಹೆಸರು ಕೂಗಿದಾಗ ಎದ್ದು ಅವನಿಗೆ ಕಾಣುವ ಹಾಗೆ ನಿಲ್ಲಿ.